ಫುಲೇಶ್ವರಿಯ ಮನೆಯ ಬಿಳಿ ಪರದೆ

ಅಳ್ನಾವರ ಸ್ಟೇಷನ್

ನಾನು ಪರದೇಶಕ್ಕೆ ಹೊರಟಿದ್ದೇನೆ ಎಂಬ ಸುದ್ದಿ ಹಬ್ಬಿದ ದಿನದಿಂದ ಹಳಿಯಾಳದ ನಮ್ಮ ಓಣಿಯಲ್ಲಿ ನನ್ನ ಬೆಲೆ ಏರಿತ್ತು. ಎದುರುಮನೆಯ ಅಕ್ಕಮ್ಮ ಬಂದು, ವಿಮಾನದಲ್ಲಿ ಉಪ್ಪಿನಕಾಯಿ ಒಯ್ಯಲು ಬಿಡುತ್ತಾರೋ ಇಲ್ಲವೋ ಎಂದು ವಿಚಾರಿಸಿದರು. ವಿಮಾನವಲ್ಲ, ರೈಲು ಎಂದೆ. ಹಾಗಾದರೆ ಪಾಸ್‌ಪೋರ್ಟಾದರೂ ತೋರಿಸು ಎಂದರು. ನೇಪಾಳಕ್ಕೆ ಹೋಗಲು ನಮಗೆ ಅದು ಬೇಕಿಲ್ಲ ಎಂದೆ.

"ರೈಲಿನ್ಯಾಗ ಹೋಗೂದು, ಪಾಸ್‌ಪೋರ್ಟೂ ಇಲ್ಲ. ಇದೆಂಥಾ ಪರದೇಶ ಬಿಡವಾ," ಎಂದು ಅವರು ಎದ್ದು ಹೋದರು. ಏರಿದ ಬೆಲೆ ಅಷ್ಟೇ ಬೇಗ ಇಳಿಯಿತು.

ನನ್ನ ಕೆಲಸವೂ ಹೇಳಿಕೊಂಡು ತಿರುಗುವಂಥದ್ದಲ್ಲ. ಮಲೇರಿಯಾ ವಿಭಾಗದಲ್ಲಿ ನಾನು ಸೊಳ್ಳೆ ಹಿಡಿಯುವವಳು. ದಾಂಡೇಲಿಯ ಕಾರ್ಮಿಕರ ಚಾಳುಗಳು, ಜೋಯಿಡಾದ ಕೊಟ್ಟಿಗೆಗಳು, ಮುಂಡಗೋಡದಲ್ಲಿ ದನ ಸಾಕುವ ಗೌಳಿಗಳ ದಡ್ಡಿಗಳು, ಎಲ್ಲಿ ಕತ್ತಲ ಮೂಲೆಯಿದೆಯೋ ಅಲ್ಲಿ ನಾನು. ಗಾಜಿನ ನಳಿಗೆಗೆ ರಬ್ಬರ್ ಕೊಳವೆ ಸಿಕ್ಕಿಸಿ, ನಡುವೆ ತೆಳುವಾದ ಜಾಳಿಗೆ ಬಟ್ಟೆ ಇಟ್ಟಿರುತ್ತೇವೆ. ಕೊಳವೆಯ ತುದಿ ಬಾಯಲ್ಲಿಟ್ಟು ಮೆಲ್ಲಗೆ ಉಸಿರೆಳೆದರೆ ಗೋಡೆಯ ಮೇಲೆ ಕುಳಿತ ಸೊಳ್ಳೆ ನಳಿಗೆಯೊಳಗೆ ಬಂದು ಬೀಳುತ್ತದೆ. ನಮ್ಮ ಕಡೆ ಸೊಳ್ಳೆಗೆ ಗುಂಗಾಡು ಎನ್ನುತ್ತಾರೆ. ಹಾಗಾಗಿ ಊರಲ್ಲಿ ನನಗೆ 'ಗುಂಗಾಡ ಬಾಯಾರು', ಅಂದರೆ ಸೊಳ್ಳೆ ಮೇಡಂ, ಎಂದೇ ಹೆಸರು. ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಯಜಮಾನರಿಗೆ ಈ ಹೆಸರು ಕಿವಿಗೆ ಬಿದ್ದರೆ ಆಗುವುದಿಲ್ಲ.

ನೇಪಾಳದ ದಕ್ಷಿಣದ ಬಯಲಿನಲ್ಲಿ ಸೊಳ್ಳೆಗಿಂತ ಚಿಕ್ಕದಾದ ಒಂದು ಹುಳವಿದೆ, ಮರಳುನೊಣ. ಅದು ಕಚ್ಚಿದರೆ ಕಾಲಾ-ಆಜಾರ್ ಎಂಬ ಜ್ವರ ಬರುತ್ತದೆ. ವಾರಗಟ್ಟಲೆ ಬಿಡದ ಜ್ವರ; ಗುಲ್ಮ ಊದಿ ಹೊಟ್ಟೆ ಮುಂದೆ ಬರುತ್ತದೆ, ಮೈ ಕಪ್ಪಿಡುತ್ತದೆ, ಚಿಕಿತ್ಸೆ ಸಿಗದಿದ್ದರೆ ಮನುಷ್ಯ ಉಳಿಯುವುದಿಲ್ಲ. ಕೀಟನಾಶಕ ಬೆರೆಸಿದ ಸೊಳ್ಳೆ ಪರದೆಯೊಳಗೆ ಮಲಗಿದರೆ ಈ ರೋಗ ತಪ್ಪೀತೇ ಎಂದು ಅಲ್ಲಿನ ಕೆಲವು ಹಳ್ಳಿಗಳಲ್ಲಿ ಪರೀಕ್ಷೆ ನಡೆದಿತ್ತು. ನಳಿಗೆಯಿಂದ ಹುಳ ಹಿಡಿಯಬಲ್ಲವರು ಬೇಕೆಂದು ಕರೆ ಬಂದಾಗ ನಮ್ಮಲ್ಲಿ ಇಬ್ಬರ ಹೆಸರು ಹೋಯಿತು. ಒಂದು ನನ್ನದು, ಇನ್ನೊಂದು ಜೋಯಿಡಾದ ಗಾಂವಕರ ಅವರದು. ಗಾಂವಕರ ನಿವೃತ್ತಿಗೆ ಹತ್ತಿರ ಬಂದವರು, ಮನೆಮಾತು ಕೊಂಕಣಿ, ಏನೇ ಆದರೂ ಗಾಬರಿಯಾಗದ ಮನುಷ್ಯ. ನಾನು ಹಾಗಲ್ಲ. ಹಾಲು ಕಾಯಲಿಕ್ಕಿಟ್ಟರೆ ಅದು ಉಕ್ಕುವ ಮೊದಲೇ ನನ್ನ ಎದೆಯಲ್ಲಿ ಉಕ್ಕಿರುತ್ತದೆ.

ನೇಪಾಳವೆಂದರೆ ಹಿಮವೆಂದು ತಿಳಿದು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋಗಿ ಎರಡು ದಪ್ಪ ಸ್ವೆಟರನ್ನೂ ಒಂದು ಮಂಕಿ ಟೋಪಿಯನ್ನೂ ತಂದಿದ್ದೆ. ಮಾರಿದ ಅಜ್ಜಿ, ನೇಪಾಳದಲ್ಲಿ ಎಲ್ಲಿಗೆ ಎಂದು ಕೇಳಿದಳು. ಬಯಲು ಸೀಮೆಗೆ ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಏನೋ ಹೇಳಲು ಹೋಗಿ ಸುಮ್ಮನಾದಳು. ವ್ಯಾಪಾರ ಯಾಕೆ ಕೆಡಿಸಿಕೊಳ್ಳಲಿ ಎಂದುಕೊಂಡಿರಬೇಕು.

ಅಳ್ನಾವರದ ಪ್ಲಾಟ್‌ಫಾರ್ಮಿನಲ್ಲಿ ರೈಲು ಬರುವವರೆಗೆ ನಾನು ಚೀಲ ಬಿಚ್ಚುವುದು, ನಳಿಗೆಗಳು ಒಡೆದಿಲ್ಲವೆಂದು ನೋಡಿ ಕಟ್ಟುವುದು, ಇದನ್ನೇ ಮಾಡಿದೆ.

"ತಂಗೀ, ಎಷ್ಟ ಸಲಾ ಬಿಚ್ಚಿ ನೋಡ್ತೀ? ನೊಣಾ ಹಿಡಿಯಾಕ ಹೊಂಟೇವಿ, ಹುಲಿ ಹಿಡಿಯಾಕ ಅಲ್ಲ," ಎಂದರು ಗಾಂವಕರ.

"ಹುಲಿ ಆದ್ರ ಕಣ್ಣಿಗೆ ಕಾಣತೈತಿ ಅಣ್ಣಾರ," ಎಂದೆ. ಕೊನೆಗೆ ಎರಡೂ ಸ್ವೆಟರುಗಳಲ್ಲಿ ನಳಿಗೆಗಳನ್ನು ಸುತ್ತಿದೆ. ಆ ಇಡೀ ಪ್ರವಾಸದಲ್ಲಿ ಸ್ವೆಟರುಗಳಿಂದಾದ ಉಪಯೋಗ ಅದೊಂದೇ.

ಗಡಿ

ಗಡಿ ಎಂದರೆ ನನ್ನ ಮನಸ್ಸಿನಲ್ಲಿದ್ದದ್ದು ಅನಮೋಡ. ಗೋವಾದಿಂದ ಬರುವ ಬಸ್ಸನ್ನು ಅಲ್ಲಿ ನಿಲ್ಲಿಸಿ, ಸೀಟಿನ ಕೆಳಗೆ ಬಗ್ಗಿ, ಯಾರ ಚೀಲದಲ್ಲಿ ಬಾಟಲಿ ಇದೆಯೆಂದು ತಡಕುತ್ತಾರೆ. ಬಾಟಲಿ ಇಲ್ಲದವರೂ ಕಳ್ಳರ ಹಾಗೆ ಕುಳಿತಿರಬೇಕಾಗುತ್ತದೆ. ರಾಮನಗರ ದಾಟಿದ ಮೇಲೆಯೇ ಬಸ್ಸಿನಲ್ಲಿ ಮತ್ತೆ ಮಾತು ಶುರುವಾಗುವುದು. ಒಂದು ರಾಜ್ಯ ದಾಟಲು ಇಷ್ಟಾದರೆ ಒಂದು ದೇಶ ದಾಟಲು ಏನೇನಾಗುತ್ತದೋ ಎಂದು ಬಿಹಾರದ ರೈಲಿನಲ್ಲಿ ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ಕೊನೆಯ ಸ್ಟೇಷನ್ನಿನಲ್ಲಿ ಇಳಿದು ಸೈಕಲ್ ರಿಕ್ಷಾ ಹತ್ತಿದೆವು. ಎದುರಿಗೆ ಒಂದು ಕಮಾನು, ಅದರ ಕೆಳಗೆ ಎಮ್ಮೆ, ಟ್ರಕ್ಕು, ಹುಲ್ಲಿನ ಹೊರೆ, ಶಾಲೆಗೆ ಹೊರಟ ಹುಡುಗಿಯರು. ಎಲ್ಲರೂ ತಮ್ಮ ಹಿತ್ತಲಿಗೆ ಹೋದಂತೆ ಪರದೇಶಕ್ಕೆ ಹೋಗುತ್ತಿದ್ದರು. ನಮ್ಮ ರಿಕ್ಷಾವನ್ನು ಮಾತ್ರ ಒಬ್ಬ ಪೊಲೀಸಿನವನು ನಿಲ್ಲಿಸಿದ. ನನ್ನ ಮುಖವೇ ಹಾಗಿತ್ತೆಂದು ಗಾಂವಕರ ಇಂದಿಗೂ ಹೇಳುತ್ತಾರೆ.

ಸ್ವೆಟರಿನೊಳಗಿನಿಂದ ನಳಿಗೆ ಹೊರಬಂತು. ಅವನು ಅದನ್ನು ತಿರುಗಿಸಿ ನೋಡಿ, ಗಾಂಜಾ ಸೇದುವ ಚಿಲುಮೆಯೇ ಎಂದು ಕೇಳಿದ. ನಾನು ನಳಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು, ಅವನ ಹಿಂದಿನ ಗೋಡೆಯ ಮೇಲೆ ಕುಳಿತಿದ್ದ ಒಂದು ಸೊಳ್ಳೆಯನ್ನು ಒಂದೇ ಉಸಿರಿಗೆ ಎಳೆದು ತೋರಿಸಿದೆ. ಅವನು ಸ್ವಲ್ಪ ಹಿಂದೆ ಸರಿದು, ಹೋಗಿ ಎಂದು ಕೈಬೀಸಿದ.

ಕಮಾನು ದಾಟಿದ ಮೇಲೆ ಗಾಂವಕರ ತಮ್ಮ ಗಡಿಯಾರವನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಿದರು. ನೇಪಾಳದ ಹೊತ್ತು ಅಷ್ಟು ಮುಂದಂತೆ. ಅಕ್ಕಮ್ಮನಿಗೆ ಹೇಳಲು ಕಾಲು ಗಂಟೆಯಷ್ಟಾದರೂ ಪರದೇಶ ಸಿಕ್ಕಿತು ಎಂದುಕೊಂಡೆ.

ಹಳ್ಳಿ

ಹಿಮ ಹಾಗಿರಲಿ, ಗುಡ್ಡ ಕೂಡ ಇರಲಿಲ್ಲ. ಮುಂಡಗೋಡದಿಂದ ಚಿಗಳ್ಳಿ ಕಡೆ ಹೋದರೆ ಕಾಣುವಂಥ ಭತ್ತದ ಗದ್ದೆ, ಕೆರೆ, ಕೆರೆಯಲ್ಲಿ ಕುತ್ತಿಗೆಯವರೆಗೆ ಮುಳುಗಿದ ಎಮ್ಮೆ. ಸೆಕೆ ಮಾತ್ರ ನಮ್ಮದರ ಎರಡರಷ್ಟು. ನಾವು ಉಳಿದದ್ದು ಪರೀಕ್ಷೆಯ ತಂಡದವರು ಬಾಡಿಗೆಗೆ ಹಿಡಿದ ಒಂದು ಮನೆ. ಮುಂದಿನ ಕೋಣೆಯಲ್ಲಿ ಮೈಕ್ರೋಸ್ಕೋಪ್, ಹಿಂದಿನ ಕೋಣೆಯಲ್ಲಿ ನಮ್ಮ ಮಂಚಗಳು. ತಂಡದ ಮುಖ್ಯಸ್ಥೆ ಕಠ್ಮಂಡುವಿನಿಂದ ಬಂದ ಒಬ್ಬ ಡಾಕ್ಟರಮ್ಮ. ಕಡಿಮೆ ಮಾತಿನವರು, ಅವರು ಸುಮ್ಮನಿದ್ದಾಗಲೆಲ್ಲ ನಾನೇನು ತಪ್ಪು ಮಾಡಿದೆನೋ ಎಂದು ನನಗೆ ಅನುಮಾನ.

ಅಲ್ಲಿನ ಮನೆಗಳು ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿದವು. ನಮ್ಮ ಗೌಳಿಗಳ ಹಾಗೆ ದನಕ್ಕೂ ಜನಕ್ಕೂ ಒಂದೇ ಸೂರು. ಆದರೆ ಆ ಮಣ್ಣಿನ ಗೋಡೆಗಳ ಮೇಲೆ ಹೆಂಗಸರು ಬೆರಳಿನಿಂದ ಮೀನು, ನವಿಲು, ಆನೆ ಬರೆದಿರುತ್ತಾರೆ. ಮರಳುನೊಣ ಕೂರುವುದೂ ಅಲ್ಲೇ, ಗೋಡೆಯ ಬುಡದ ಬಿರುಕುಗಳಲ್ಲಿ. ಬೆಳಗಿನ ಜಾವ ಬ್ಯಾಟರಿ ಹಿಡಿದು ಮೊಣಕಾಲೂರಿ ಕುಳಿತರೆ ನವಿಲಿನ ಕಾಲ ಬಳಿ ಸಾಸಿವೆಗಿಂತ ಚಿಕ್ಕ ಹಳದಿ ಚುಕ್ಕೆ ಕಾಣುತ್ತದೆ. ಅದು ಹಾರುವುದಿಲ್ಲ, ಕುಪ್ಪಳಿಸುತ್ತದೆ. ಉಸಿರು ಜೋರಾದರೆ ನಳಿಗೆಯಲ್ಲೇ ಸತ್ತು ಹೋಗುತ್ತದೆ. ಮೊದಲ ವಾರ ನಾನು ಹಿಡಿದವುಗಳಲ್ಲಿ ಬದುಕಿ ಉಳಿದದ್ದು ಬೆರಳೆಣಿಕೆಯಷ್ಟು.

ಆ ಹಳ್ಳಿಯ ಪ್ರತಿ ಮನೆಗೂ ಬಿಳಿಯ ಪರದೆ ಕೊಟ್ಟಿದ್ದರು. ಮರಳುನೊಣ ಎಷ್ಟು ಚಿಕ್ಕದೆಂದರೆ ಪರದೆಯ ಕಣ್ಣುಗಳಲ್ಲಿ ತೂರಿ ಒಳಗೆ ಹೋಗಬಲ್ಲದು. ಅದನ್ನು ತಡೆಯುವುದು ಬಟ್ಟೆಯಲ್ಲ, ಬಟ್ಟೆಯಲ್ಲಿರುವ ಔಷಧ. ಆ ಔಷಧ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ವಾರಕ್ಕೊಮ್ಮೆ ಕೆಲವು ಮನೆಗಳಲ್ಲಿ ನೋಡುವುದು ನನ್ನ ಪಾಲಿನ ಕೆಲಸ. ಕೊಟ್ಟಿಗೆಯಲ್ಲಿ ಹಿಡಿದ ನೊಣಗಳನ್ನು ಒಂದು ಸಣ್ಣ ಲಾಳಿಕೆಯೊಳಗೆ ಬಿಟ್ಟು, ಲಾಳಿಕೆಯ ಬಾಯನ್ನು ಪರದೆಗೆ ಒತ್ತಿ ಕೆಲವು ನಿಮಿಷ ಹಿಡಿಯಬೇಕು. ಆಮೇಲೆ ಅವನ್ನು ಕಾಗದದ ಕಪ್ಪಿಗೆ ದಾಟಿಸಿ, ಸಕ್ಕರೆ ನೀರಿನ ಹತ್ತಿ ಇಟ್ಟು, ಮರುದಿನ ನೋಡಬೇಕು. ಸತ್ತಿದ್ದರೆ ಪರದೆ ಸರಿ. ಔಷಧವಿಲ್ಲದ ಬೇರೊಂದು ಬಟ್ಟೆಯ ಮೇಲೆಯೂ ಕೆಲವನ್ನು ಹೀಗೆಯೇ ಹಿಡಿದು ಪಕ್ಕದ ಕಪ್ಪಿನಲ್ಲಿಡುತ್ತಿದ್ದೆವು, ಅವು ಬದುಕಿರಬೇಕು.

ಜೀವನವಿಡೀ ಸೊಳ್ಳೆ ಹಿಡಿದ ನನಗೆ, ಹಿಡಿದ ಹುಳ ನಾಳೆ ಸತ್ತಿರಲಿ ದೇವರೇ ಎಂದು ಬೇಡಿಕೊಳ್ಳುವ ನೌಕರಿ ಹೊಸದು.

ಫುಲೇಶ್ವರಿಯ ಅಂಗಳ

ನನ್ನ ಪಾಲಿಗೆ ಬಂದ ಮನೆಗಳಲ್ಲಿ ಫುಲೇಶ್ವರಿಯದು ಕೊನೆಯದು. ಕೊನೆಯದಾಗಿ ಇಟ್ಟುಕೊಂಡದ್ದೂ ನಾನೇ, ಯಾಕೆಂದರೆ ಅಲ್ಲಿ ಊಟ ಸಿಗುತ್ತಿತ್ತು. ಬೇರೆ ಮನೆಗಳಲ್ಲಿ ನಾನು ಬಂದರೆ ಬಂದೆ, ಹೋದರೆ ಹೋದೆ. ಒಬ್ಬಳು ಪರದೆಯಲ್ಲಿ ಮೂಲಂಗಿ ಕಟ್ಟಿಟ್ಟಿದ್ದಳು, ಇನ್ನೊಬ್ಬಳ ಪರದೆ ಒಲೆಯ ಹೊಗೆ ಹಿಡಿದು ಚಹಾದ ಬಣ್ಣಕ್ಕೆ ಬಂದಿತ್ತು. ಫುಲೇಶ್ವರಿಯ ಅಂಗಳದಲ್ಲಿ ಮಾತ್ರ ಸಾರಿಸಿದ ನೆಲ, ಕಾಲಿಗೆ ನೀರು, ಕಂಚಿನ ಬಟ್ಟಲಲ್ಲಿ ಮೊಸರವಲಕ್ಕಿ. ಅವಳ ಪರದೆ ಮಲ್ಲಿಗೆಯಷ್ಟು ಬೆಳ್ಳಗೆ.

ಅವಳು ವಿಧವೆ, ಅರವತ್ತು ದಾಟಿದ ಮುದುಕಿ. ಮಗ ಪಂಜಾಬಿಗೆ ದುಡಿಯಲು ಹೋಗಿದ್ದ. ಮನೆಯಲ್ಲಿ ಇದ್ದವಳು ಸೊಸೆ ಸುನೈನಾ, ಆರು ತಿಂಗಳ ಬಸುರಿ. ಹಿಂದಿನ ವರ್ಷ ಫುಲೇಶ್ವರಿಯ ಮಗಳು ಇದೇ ಕಾಲಾ-ಆಜಾರಿನಲ್ಲಿ ತೀರಿಕೊಂಡಿದ್ದಳು. ಅವಳು ಮಲಗುತ್ತಿದ್ದ ಮಂಚದಲ್ಲೇ ಈಗ ಸೊಸೆ ಮಲಗುತ್ತಿದ್ದಳು, ಬಿಳಿಯ ಪರದೆಯೊಳಗೆ.

ಅವರ ಮೈಥಿಲಿ ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಹಳಿಯಾಳದ ಹಿಂದಿ ಅವರಿಗೆ ಅದಕ್ಕಿಂತ ಕಡಿಮೆ. ಆದರೂ ಆ ಮುದುಕಿಯ ಮಾತು ನನ್ನ ಕಿವಿಗೆ ನಮ್ಮ ಊರಿನ ಮಾತಾಗಿಯೇ ಬೀಳುತ್ತಿತ್ತು. ಹಾಗೆಯೇ ಬರೆಯುತ್ತೇನೆ.

"ನನ್ನ ಮಗಳಿಗೆ ಪರದಿ ಸಿಗಲಿಲ್ಲ. ಇಕಿಗೆ ಸಿಕ್ಕೈತಿ," ಎಂದಳು ಮೊದಲ ದಿನವೇ. "ಇನ್ನ ನನಗ ಹೆದರಿಕಿಲ್ಲ ಮಗಳ."

ನನಗೆ ಹೆದರಿಕೆ ಶುರುವಾದದ್ದು ಆ ಮನೆಯ ಎರಡನೆಯ ಪರೀಕ್ಷೆಯ ನಂತರ. ಮರುದಿನ ಕಪ್ಪು ತೆಗೆದು ನೋಡಿದರೆ ಅರ್ಧಕ್ಕರ್ಧ ನೊಣಗಳು ಬದುಕಿದ್ದವು. ಮೂಲಂಗಿ ಕಟ್ಟಿದ ಪರದೆಯ ನೊಣಗಳು ಸತ್ತಿದ್ದವು, ಚಹಾ ಬಣ್ಣದ್ದರಲ್ಲಿ ಒಂದೂ ಉಳಿದಿರಲಿಲ್ಲ. ನನ್ನ ಕೈಯ ತಪ್ಪೇ ಇರಬೇಕೆಂದುಕೊಂಡೆ. ಮುಂದಿನ ವಾರ ಇನ್ನಷ್ಟು ಬದುಕಿದವು. ಅದರ ಮುಂದಿನ ವಾರ ಫುಲೇಶ್ವರಿಯ ಕಪ್ಪಿನೊಳಗೆ ಎಲ್ಲವೂ ಸುಖವಾಗಿ ಸಕ್ಕರೆ ನೀರು ಕುಡಿಯುತ್ತ ಕುಳಿತಿದ್ದವು.

ಡಾಕ್ಟರಮ್ಮ ಕಪ್ಪನ್ನು ಬೆಳಕಿಗೆ ಹಿಡಿದು ನೋಡಿದರು. ಈ ನೊಣಗಳು ಔಷಧಕ್ಕೆ ಒಗ್ಗಿಕೊಂಡಿರಬಹುದೇ ಎಂದರು. ಹಾಗಿದ್ದರೆ ಇಡೀ ಸೀಮೆಯ ಪರದೆಗಳೆಲ್ಲ ವ್ಯರ್ಥ. ಇಲ್ಲವೇ ಆ ಒಂದು ಪರದೆಗೆ ಔಷಧವೇ ಸರಿಯಾಗಿ ಹಿಡಿದಿರಲಿಕ್ಕಿಲ್ಲ. ಇನ್ನೊಂದು ವಾರ ನೋಡೋಣ ಎಂದು ಕಪ್ಪು ಕೆಳಗಿಟ್ಟರು. ಅವರಿಗೆ ಅದು ಇನ್ನೊಂದು ವಾರ. ನನಗೆ ಮಾತ್ರ ಕಣ್ಣು ಮುಚ್ಚಿದರೆ ಸುನೈನಾಳ ಮಂಚ ಕಾಣುತ್ತಿತ್ತು.

ಆ ವಾರ ಹೊರಡುವಾಗ ಸುನೈನಾ ಬಾಗಿಲ ಮರೆಯಲ್ಲಿ ನನ್ನ ಸೆರಗು ಜಗ್ಗಿದಳು. ತೋಳು ತೋರಿಸಿದಳು. ಮೊಣಕೈ ಮೇಲೆ ಸಣ್ಣ ಕೆಂಪು ಗುಳ್ಳೆಗಳ ಸಾಲು.

"ಪರದಿ ಒಳಗೂ ಕಡೀತಾವು ದೀದಿ. ಅತ್ತಿಗೆ ಹೇಳಬ್ಯಾಡ. ಪರದಿ ಮ್ಯಾಲೆ ಅಕಿ ಭಾಳ ನಂಬಿಗಿ ಇಟ್ಟಾಳ," ಎಂದಳು.

ಗಾಂವಕರಿಗೆ ಹೇಳಿದೆ. ಅವರೂ ಅಂದು ಹುಲಿಯ ಮಾತು ತೆಗೆಯಲಿಲ್ಲ. ಗುಳ್ಳೆ ಬೇರೆ ಹುಳದ್ದೂ ಇರಬಹುದು ಎಂದರು, ಆದರೆ ಹೇಳಿದ ಮೇಲೆ ಬೀಡಿ ಹಚ್ಚುವುದನ್ನೇ ಮರೆತು ಕುಳಿತಿದ್ದರು.

ಒಂದು ದಿನ ಮೊದಲು

ನಾನು ಹೋಗಬೇಕಾದ ದಿನಕ್ಕೆ ಆ ಜಿಲ್ಲೆಯಲ್ಲಿ ಬಂದ್ ಕರೆ ಬಂತು. ಅಲ್ಲಿ ಬಂದ್ ಎಂದರೆ ಸೈಕಲ್ಲಿಗೂ ಕಲ್ಲು ಬೀಳುತ್ತದೆ. ಹಾಗಾಗಿ ಒಂದು ದಿನ ಮೊದಲೇ ಹೋದೆ, ಯಾರಿಗೂ ಹೇಳಿ ಕಳಿಸಲಿಲ್ಲ.

ಫುಲೇಶ್ವರಿಯ ಅಂಗಳದಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಒಲೆಯ ಮೇಲೆ ಭತ್ತ ಬೇಯಿಸುವ ದೊಡ್ಡ ಹಂಡೆ. ಸುನೈನಾ ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಬಿದಿರಿನ ಕೋಲು ಹಿಡಿದು ಹಂಡೆಯಲ್ಲಿ ಏನನ್ನೋ ತಿರುವುತ್ತಿದ್ದಳು. ಊಟದ ಏರ್ಪಾಡು ಎಂದುಕೊಂಡು ಬಗ್ಗಿ ನೋಡಿದೆ. ಬೂದಿಯ ನೀರು ಕೊತಕೊತ ಕುದಿಯುತ್ತಿತ್ತು. ಅದರೊಳಗೆ ಬಿಳಿಯ ಪರದೆ ಉಬ್ಬಿ ಮೇಲೆದ್ದು ಮುಳುಗುತ್ತಿತ್ತು.

ಒಳಗಿನಿಂದ ಬಂದ ಫುಲೇಶ್ವರಿ ನನ್ನನ್ನು ಕಂಡು ತಲೆಯ ಮೇಲೆ ಸೆರಗೆಳೆದುಕೊಂಡಳು. ಮುಖದಲ್ಲಿ ನಾಚಿಕೆಯೂ ಸಿಟ್ಟೂ ಇತ್ತು.

"ಇವತ್ತ್ಯಾಕ ಬಂದಿ ಮಗಳ? ನೀ ಬರೂದು ನಾಳಿ ಅಲ್ಲೇನು? ಪರದಿ ಇನ್ನಾ ಒಣಗಿಸಬೇಕು."

"ಇದನ್ನ ಯಾವಾಗಿಂದ ಕುದಸಾಕತ್ತೀರಿ ಅವ್ವಾ?" ಎಂದೆ.

"ನೀ ಬರಾಕ ಹತ್ತಿದಾಗಿಂದ. ಪ್ರತಿ ಸಲಾ ನೀ ಬರೂ ಹಿಂದಿನ ದಿನ. ನೀ ಬಂದ್ರ ಮೊದಲ ಬ್ಯಾಟರಿ ಹಚ್ಚಿ ಪರದಿ ನೋಡ್ತಿ. ಮೂಗಿನ ಹತ್ರ ಹಿಡದು ನೋಡ್ತಿ. ಮಡಿಕಿ ಮಡಿಕಿ ಬಿಚ್ಚಿ ನೋಡ್ತಿ. ಅಷ್ಟು ದೂರದಿಂದ ಬಂದಾಕಿ, ನನ್ನ ಮನ್ಯಾಗ ಹೊಲಸ ಕಂಡ್ರ ಏನ ತಿಳಕೊಳ್ತಾಳ ಅಂತ ನನಗ ಎದಿ ಡವಡವ."

ನಾನು ನೋಡುತ್ತಿದ್ದದ್ದು ಹರಿದ ತೂತುಗಳನ್ನು. ಒಳಗೆ ಕತ್ತಲಿದ್ದುದರಿಂದ ಪರದೆಯನ್ನು ಮುಖದ ಹತ್ತಿರ ಹಿಡಿಯುತ್ತಿದ್ದೆ. ಅದನ್ನು ಅವಳು ಸ್ವಚ್ಛತೆಯ ತಪಾಸಣೆ ಎಂದು ತಿಳಿದಿದ್ದಳು. ಬಿಸಿನೀರಿನಲ್ಲಿ ಒಗೆಯಬೇಡಿ, ಬೂದಿ ಹಾಕಬೇಡಿ, ಬಿಸಿಲಿಗೆ ಒಣಹಾಕಬೇಡಿ ಎಂದು ಪರದೆ ಕೊಟ್ಟ ದಿನ ಹೇಳಿರಲಿಲ್ಲವೇ ಎಂದು ಕೇಳಿದೆ.

"ಹೇಳ್ಯಾರ. ಅದು ನಮಗ ಹೇಳಿದ್ದು," ಎಂದಳು ಮುದುಕಿ. "ಅತಿಥಿ ಮುಂದ ಹೊಲಸ ಪರದಿ ಹಾಸೂದು ಹೆಂಗ?"

ನನಗೆ ನಮ್ಮ ಅತ್ತೆಯ ನೆನಪಾಯಿತು. ಬೀಗರು ಬರುತ್ತಾರೆಂದರೆ ತೊಳೆದಿಟ್ಟ ಲೋಟವನ್ನೇ ಮತ್ತೆ ಹುಣಸೆಹಣ್ಣು ಹಾಕಿ ಉಜ್ಜಿಸುತ್ತಿದ್ದರು. ಹಳಿಯಾಳದಲ್ಲಿ ಈ ಪರದೆ ಕೊಟ್ಟು ನಾನು ವಾರಕ್ಕೊಮ್ಮೆ ಬ್ಯಾಟರಿ ಹಿಡಿದು ಹೋಗಿದ್ದರೆ ಅವರೂ ಇದನ್ನೇ ಮಾಡುತ್ತಿದ್ದರು. ನನ್ನನ್ನು ಲೆಕ್ಕಕ್ಕಿಡದ ಮನೆಗಳಲ್ಲಿ ಔಷಧ ಉಳಿದಿತ್ತು. ನನಗೆ ಮರ್ಯಾದೆ ಕೊಟ್ಟ ಮನೆಯಲ್ಲಿ ವಾರವಾರವೂ ಬೂದಿನೀರಿನ ಜೊತೆ ಅಂಗಳಕ್ಕೆ ಹರಿದುಹೋಗಿತ್ತು.

ಹೇಳದೆ ಬಿಡುವ ಹಾಗಿರಲಿಲ್ಲ. ಹೇಳಿದೆ. ಔಷಧ ತೊಳೆದುಹೋದರೆ ಅದು ಬರೀ ಬಟ್ಟೆ, ನೊಣ ಅದರ ಕಣ್ಣಿನಲ್ಲಿ ತೂರಿ ಬರುತ್ತದೆ ಎಂದೆ. ಫುಲೇಶ್ವರಿ ನನ್ನನ್ನು ನೋಡಲಿಲ್ಲ. ಹಂಡೆಯನ್ನು ನೋಡಿದಳು, ಆಮೇಲೆ ಸೊಸೆಯನ್ನು.

"ಹಂಗಾರ ಇಷ್ಟ ದಿನಾ ಇಕಿ ಪರದಿ ಹೊರಗ ಮಲಗಿದ್ಹಂಗನ ಆತಲ್ಲ," ಎಂದಳು. "ನಾನ ಮಲಗಿಸಿದ್ಹಂಗ ಆತು."

ಸುನೈನಾ ಕೋಲು ಬಿಟ್ಟು ಒಲೆಯ ಪಕ್ಕದಲ್ಲೇ ಕುಳಿತಳು. ಬಿಸಿಲಿಗೆ ಇರಬೇಕೆಂದು ನಾನು ಅವಳ ತೋಳು ಹಿಡಿದು ಎಬ್ಬಿಸಲು ಹೋದೆ. ಮೈ ಕೆಂಡದಂತೆ ಸುಡುತ್ತಿತ್ತು. ನಿನ್ನೆಯಿಂದ ಹಾಗೆಯೇ ಇದೆ, ಅತ್ತೆಗೆ ಹೇಳಿಲ್ಲ ಎಂದು ಅವಳು ತಲೆ ತಗ್ಗಿಸಿದಳು. ಮುದುಕಿ ಆಗ ಮಾಡಿದ ಒಂದು ಸದ್ದನ್ನು ನಾನು ಹೇಗೂ ಬರೆಯಲಾರೆ.

ಮೈಕ್ರೋಸ್ಕೋಪಿನ ಮೇಜು

ಕಾಲಾ-ಆಜಾರಿನ ರಕ್ತಪರೀಕ್ಷೆ ಈಗಲೇ ಮಾಡಿ ಪ್ರಯೋಜನವಿಲ್ಲ ಎಂದರು ಡಾಕ್ಟರಮ್ಮ. ಎರಡು ವಾರ ಜ್ವರ ಬಿಡದಿದ್ದರೆ ಆಗ ನೋಡಬೇಕು. ಅದೂ ಅಲ್ಲದೆ ಆ ನೊಣ ಕಚ್ಚಿದ ಕೂಡಲೇ ಜ್ವರ ಬರುವುದಿಲ್ಲ, ತಿಂಗಳುಗಟ್ಟಲೆ ಆಗಬಹುದು. ಇದು ಆ ಜ್ವರವೇ ಆಗಿದ್ದರೆ ಪರದೆ ಕೊಡುವ ಮೊದಲೇ ಕಚ್ಚಿರಬೇಕು ಎಂದರು. ನನ್ನನ್ನು ಸಮಾಧಾನ ಮಾಡಲೆಂದೇ ಅಷ್ಟು ಮಾತಾಡಿದರೆಂದು ಕಾಣುತ್ತದೆ. ನನಗೆ ಅದರಿಂದ ಇನ್ನಷ್ಟು ದಿಗಿಲಾಯಿತು. ಈ ವಾರಗಳಲ್ಲಿ ಕಚ್ಚಿದ್ದಕ್ಕೆ ಜ್ವರ ಬರುವುದಾದರೆ ಹೆರಿಗೆಯ ಹೊತ್ತಿಗೆ ಬರುತ್ತದೆಯಲ್ಲ ಎಂದು ಲೆಕ್ಕ ಹಾಕಿದೆ. ಬಸುರಿಗೆ, ಬಾಣಂತಿಗೆ ಆ ರೋಗದ ಮಾತ್ರೆಗಳನ್ನೆಲ್ಲ ಕೊಡುವ ಹಾಗಿಲ್ಲ.

ನನ್ನ ಕೈಲಾಗುವ ಕೆಲಸ ಒಂದೇ ಇತ್ತು. ಸುನೈನಾಳ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ಬಳಿದು ತಂದೆ. ಮಲೇರಿಯಾ ಇದ್ದರೆ ಅದರಲ್ಲಿ ಕಾಣುತ್ತದೆ. ಬಣ್ಣ ಹಾಕಿ ಒಣಗಿಸಿದೆ. ದಾಂಡೇಲಿಯಲ್ಲಿ ಇಂಥ ಪಟ್ಟಿಗಳನ್ನು ನೋಡುವಾಗಲೆಲ್ಲ, ಏನೂ ಕಾಣದಿರಲಿ ಎಂದು ಬೇಡಿಕೊಂಡವಳು ನಾನು. ಅಂದು ಕುಲದೇವರನ್ನು ನೆನೆದು, ಮಲೇರಿಯಾ ಇರಲಪ್ಪಾ ಎಂದು ಬೇಡಿಕೊಂಡೆ. ಬಸುರಿ ಹೆಂಗಸಿಗೆ ಮಲೇರಿಯಾ ಬಯಸಿದ ಪಾಪ ಎಲ್ಲಿ ಹೋದೀತೆಂಬ ಭಯವೂ ಅದರ ಜೊತೆಗೇ ಇತ್ತು.

ತುಂಬಾ ಹೊತ್ತು ಏನೂ ಕಾಣಲಿಲ್ಲ. ಗಾಂವಕರ ಪಕ್ಕದಲ್ಲಿ ನಿಂತಿದ್ದರು. ಪಟ್ಟಿಯ ಅಂಚಿಗೆ ಬಂದಾಗ ಒಂದು ರಕ್ತಕಣದೊಳಗೆ ನೀಲಿಯ ಉಂಗುರ, ಅದರ ಮೇಲೆ ಕೆಂಪು ಚುಕ್ಕೆ. ಅದರಾಚೆ ಇನ್ನೊಂದು. ವರ್ಷಗಟ್ಟಲೆ ನೋಡಿದ ಮುಖ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವ, ಮಾತ್ರೆಗೆ ಬಗ್ಗುವ ಮಲೇರಿಯಾ.

ನಾನು ಅತ್ತುಬಿಟ್ಟೆ. ಗಾಂವಕರ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಿ, ಹೌದು ಎಂದು ತಲೆಯಾಡಿಸಿದರು.

"ಮಲೇರಿಯಾ ಕಂಡು ಹಿಗ್ಗಿದಾಕಿ ನೀ ಒಬ್ಬಾಕಿನ ತಂಗೀ," ಎಂದರು. "ನಮ್ಮ ಸಾಹೇಬರಿಗೆ ಗೊತ್ತಾದ್ರ ಸಂಬಳಾ ನಿಲ್ಲಸ್ತಾರ."

ಡಾಕ್ಟರಮ್ಮ ಸುನೈನಾಳ ಹೊಟ್ಟೆ ಒತ್ತಿ ನೋಡಿದರು, ಗುಲ್ಮ ಊದಿರಲಿಲ್ಲ. ಬಸುರಿಯರಿಗೂ ಕೊಡಬಹುದಾದ ಮಾತ್ರೆ ಕೊಟ್ಟರು. ಜ್ವರ ಇಳಿಯಿತು. ಒಂದು ಹೆದರಿಕೆ ಹೋಯಿತು. ಇನ್ನೊಂದಕ್ಕೆ ತಿಂಗಳುಗಟ್ಟಲೆ ಕಾಯುವುದು ಬಾಕಿಯಿತ್ತು, ನನ್ನ ಊರಿನ ಟಿಕೆಟ್ಟಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಹೊರಡುವ ಮುನ್ನ

ಸುನೈನಾಳ ಮಂಚಕ್ಕೆ ಹೊಸ ಪರದೆ ಕಟ್ಟಿಸಿದೆವು. ಹೊರಡುವ ಮುಂಚೆ ಕೊನೆಯ ಪರೀಕ್ಷೆಗೆ ನಾನು ಹೋದಾಗ ಫುಲೇಶ್ವರಿ ಅಂಗಳದಲ್ಲಿ ಇರಲಿಲ್ಲ. ಕಾಲಿಗೆ ನೀರಿಲ್ಲ, ಕಂಚಿನ ಬಟ್ಟಲೂ ಇಲ್ಲ. ಒಳಗೆ ಹೋದರೆ ಅವಳು ಗೋಡೆಯ ಕಡೆ ಮುಖ ಮಾಡಿ, ಸೆರಗನ್ನು ಗಲ್ಲದವರೆಗೂ ಎಳೆದುಕೊಂಡು ನಿಂತಿದ್ದಳು. ಹೆಂಗಸಿನ ಮುಂದೆ ಅವಳು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಪರದೆ ಮಂಚದ ಮೇಲೆ ಇಳಿಬಿದ್ದಿತ್ತು. ಮೂಲೆಯಲ್ಲಿ ಹೊಗೆಯ ಕಲೆ, ಕೆಳ ಅಂಚಿನಲ್ಲಿ ಕರು ನೆಕ್ಕಿದ ಗುರುತು, ಕೋಳಿಯ ಒಂದು ಪುಕ್ಕ.

"ನೋಡು," ಎಂದಳು ಗೋಡೆಗೆ. "ಮುಟ್ಟಿಲ್ಲ ನಾ."

ನಾನು ಬ್ಯಾಟರಿ ಹಚ್ಚಲಿಲ್ಲ. ಲಾಳಿಕೆ ಒತ್ತಿ ನೊಣ ಬಿಟ್ಟೆ. ಕೈಬೆರಳಿಗೆ ಮಸಿ ಹತ್ತಿತು. ಕೆಲಸ ಮುಗಿದ ಮೇಲೂ ಅವಳು ತಿರುಗಲಿಲ್ಲ. ಸೊಸೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

"ಅವ್ವಾ, ಮೊಸರವಲಕ್ಕಿ ಎಲ್ಲಿ?" ಎಂದೆ.

"ಇಂಥಾ ಹೊಲಸ ತೋರಿಸಿ ನಿನ್ನ ಊಟಕ್ಕ ಹೆಂಗ ಕುಂದ್ರಸಲಿ?"

"ನಾ ಅದಕ್ಕ ಬಂದೇನಿ. ಪರದಿ ನೋಡಾಕ ಅಲ್ಲ."

ಆಗ ಸೆರಗಿನ ಒಳಗಿನಿಂದ ನಗು ಕೇಳಿತು. ಅಳುವೂ ಇದ್ದಿರಬಹುದು. ಮೊಸರಿಗೆ ಬೆಲ್ಲ ಹೆಚ್ಚಾಗಿತ್ತು, ನಾನು ಎರಡು ಸಲ ಹಾಕಿಸಿಕೊಂಡೆ. ಮರುದಿನ ಕಪ್ಪಿನಲ್ಲಿ ನೊಣಗಳೆಲ್ಲ ಸತ್ತು ಬಿದ್ದಿದ್ದವು. ಪಕ್ಕದ ಕಪ್ಪಿನವು, ಔಷಧವಿಲ್ಲದ ಬಟ್ಟೆಯ ಮೇಲೆ ಹಿಡಿದವು, ಬದುಕಿದ್ದವು. ಡಾಕ್ಟರಮ್ಮ ಎರಡೂ ಕಪ್ಪು ನೋಡಿ ಮೊದಲ ಬಾರಿ ನನ್ನ ಕಡೆ ನಕ್ಕರು.

ನಾನು ಹೊರಟೆ. ಗಾಂವಕರ ಮಳೆಗಾಲ ಮುಗಿಯುವವರೆಗೆ ಅಲ್ಲೇ ಉಳಿದರು. ಅವರ ಚೀಲದಲ್ಲಿ ನನ್ನ ಎರಡೂ ಸ್ವೆಟರ್ ತುರುಕಿ ಬಂದೆ, ಚಳಿಗಾಲ ಬಂದರೆ ಅವರಿಗಾದರೂ ಬೇಕಾಗಬಹುದು.

ಹಳಿಯಾಳ

ಊರಿಗೆ ಬಂದ ಮೇಲೆ ಎಲ್ಲರಿಗೂ ಪೊಲೀಸಿನವನ ಕಥೆ ಹೇಳಿದೆ, ಕಾಲು ಗಂಟೆಯ ಕಥೆ ಹೇಳಿದೆ. ಫುಲೇಶ್ವರಿಯ ಕಥೆ ಯಾರಿಗೂ ಹೇಳಲಿಲ್ಲ, ಅದು ಇನ್ನೂ ಮುಗಿದಿರಲಿಲ್ಲ. ಒಬ್ಬಳೇ ಇದ್ದಾಗ ತಿಂಗಳು ಎಣಿಸುತ್ತಿದ್ದೆ. ಜೋಯಿಡಾದ ಯಾವುದೋ ಕೊಟ್ಟಿಗೆಯಲ್ಲಿ ಮೊಣಕಾಲೂರಿ ಕುಳಿತಾಗ, ಗೋಡೆಯ ಮೇಲಿನ ಸೊಳ್ಳೆ ಬಿಟ್ಟು ಗೋಡೆಯ ಬುಡವನ್ನು ನೋಡುತ್ತಿರುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ಗಾಂವಕರ ಬರುತ್ತಾರೆಂದು ಯಜಮಾನರ ಅಂಗಡಿಗೆ ಫೋನ್ ಬಂತು. ನಾನು ಮನೆ ಗುಡಿಸಿದೆ, ಒರೆಸಿದೆ, ಕಿಟಕಿಯ ಪರದೆ ಬಿಚ್ಚಿ ಒಗೆದು ಹಾಕಿದೆ. ಅವರು ಬಾಗಿಲಿಗೆ ಬಂದು ನಿಂತಾಗ ನೀರಿನ ಲೋಟವನ್ನು ಎರಡನೆಯ ಸಲ ಉಜ್ಜುತ್ತಿದ್ದೆ. ಗಾಂವಕರ ಚಪ್ಪಲಿ ಬಿಡುವ ಮೊದಲೇ ನನ್ನ ಮುಖ ನೋಡಿದರು.

"ಹೆಣ್ಣು ಕೂಸು ತಂಗೀ. ತಾಯಿಗೆ ಜ್ವರಾ ಇಲ್ಲ, ಏನಿಲ್ಲ. ನಾ ಹೊರಡೂ ಮೊದಲ ಡಾಕ್ಟರಮ್ಮ ಮತ್ತೊಮ್ಮೆ ನೋಡ್ಯಾರ," ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಲೋಟ ನೋಡಿ ನಕ್ಕರು. "ಮುದುಕಿ ನಿನಗೊಂದು ಮಾತ ಹೇಳಿ ಕಳಿಸ್ಯಾಳ. ಮೂರು ಸಲಾ ನನ್ನ ಬಾಯಿಂದ ಅನಿಸಿ ಬಿಟ್ಟಾಳ."

"ಏನಂತ?"

"'ಪರದಿ ಭಾಳ ಹೊಲಸಾಗೈತಿ, ನಾ ಇನ್ನಾ ಒಗದಿಲ್ಲ. ಕೂಸು ಅದರಾಗ ಮಲಗತೈತಿ, ಅಲ್ಲಿರೂ ನನ್ನ ಮಗಳಿಗೆ ಹೇಳು ಅಂದ್ರ ಹೇಳು' ಅಂತ."